ಕೋಂ

ಬರೆದುಕೋ ತಮಾ: ಶೇವಂತಿ ಕೋಂ ದತ್ತಾ ತಾಂಡೇಲ,
ವಯಸ್ಸು ಅರವತ್ತು ದಾಟಿತು, ಉದ್ಯೋಗ ಮೀನು,
ಸಾಕಿನ್ ಕೋಡಿಬಾಗ, ಕಾರವಾರ.
ಆ ಕೋಂ ಬಿಡಬೇಡ.
ಅವರು ಸತ್ತು ಹನ್ನೊಂದು ವರ್ಷ.
ದೋಣಿ ಮಾರಿದೆವು, ಬಲೆಯನ್ನು ಇಲಿ ತಿಂದವು,
ಈ ಒಂದಕ್ಷರದ ಗೂಟ ಮಾತ್ರ ಯಾರೂ ಕಿತ್ತಿಲ್ಲ.

ಇವಳಿಗೆ ಅದಿಲ್ಲ.
ಪಾಸ್‌ಪೋರ್ಟಿನಲ್ಲಿ ಲೀಗಾಯಾ ಬಾಲ್ತಾಸಾರ್,
ಮದುವೆ ದಾಖಲೆಯಲ್ಲಿ ಲೀಗಾಯಾ ಉಲ್ಲಾಸ ತಾಂಡೇಲ,
ಬ್ಯಾಂಕಿನ ಹುಡುಗ ಬರೆದದ್ದು ಲಿಂಗಯ್ಯ.
ಮೂವರೂ ಒಬ್ಬಳೇ ಎಂದು ನೂರು ರೂಪಾಯಿಯ ಛಾಪಾ ಕಾಗದದಲ್ಲಿ
ನೀನು ಆಗಲೇ ಹೊಡೆದಾಯಿತು.
ಈಗ ನನ್ನದು.

ಏನಂದೆ, ಮತ್ತೊಮ್ಮೆ ಓದು?
"ಸದರಿ ವಿವಾಹವು ನನ್ನ ಸಮಕ್ಷಮದಲ್ಲಿ, ನನ್ನ ಪೂರ್ಣ ಸಮ್ಮತಿಯಿಂದ..."

ತಡೆ.
ಸಮ್ಮತಿ ಇರಲಿಲ್ಲ.
ರಿಜಿಸ್ಟ್ರಾರ್ ಕಚೇರಿಯ ಮೆಟ್ಟಿಲ ಮೇಲಿನ ಆ ಫೋಟೋ ನೋಡು,
ಎಡಗಡೆಯ ಅಂಚಿಗೆ ಹಸಿರು ಸೆರಗಿನ ತುದಿ ಕಾಣುತ್ತದಲ್ಲ,
ಅದು ನಾನು. ಹೊರಟುಬಿಟ್ಟಿದ್ದೆ.
ಒಂದು ಮಳೆಗಾಲ ಪೂರ್ತಿ ಅವಳ ಕೈಯ ನೀರು ಮುಟ್ಟಲಿಲ್ಲ.
ಹಡಗಿನಿಂದ ಮಗ ಫೋನು ಮಾಡಿದರೆ
ಊಟ ಆಯಿತಾ ಎಂದಷ್ಟೇ ಕೇಳಿ ಅವಳ ಕೈಗೆ ದಾಟಿಸುತ್ತಿದ್ದೆ,
ಒಲೆಯಿಂದ ಇಳಿಸಿದ ಪಾತ್ರೆ ದಾಟಿಸಿದ ಹಾಗೆ.

ಕನ್ನಡಕ ಒರೆಸಬೇಡ, ಹೇಳು.
ವೀಸಾದವರು ಕೇಳುವುದು ಇಷ್ಟೇ ಅಂತೀಯಾ?
ಇದು ಖರೆ ಸಂಸಾರವೋ, ಕಾಗದದ್ದೋ,
ನಿಮಗೆ ಗೊತ್ತಿದ್ದದ್ದು ಹೇಳಿ ಅಕ್ಕಾ, ಅಂತೀಯಾ?

ಗೊತ್ತಿದ್ದದ್ದು.
ಬಂಗಡೆಯ ತಲೆ ಮೊದಲು ತಿನ್ನುತ್ತಾಳೆ.
ದುಡ್ಡು ಎಣಿಸುವುದು ಅವಳ ಭಾಷೆಯಲ್ಲಿ, ಬೈಯುವುದು ನಮ್ಮದರಲ್ಲಿ.
ಒಣಮೀನಿಗೆ ಉಪ್ಪು ಹೆಚ್ಚು ಹಾಕುತ್ತಾಳೆ, ಹೇಳಿದರೆ ಕೇಳುವವಳಲ್ಲ.

ಹೋಳಿಯ ಮರುದಿನ ಇಳಿತದ ಹೊತ್ತಿಗೆ
ಕಾಳಿಯಲ್ಲಿ ಸೊಂಟದ ತನಕ ನಿಂತು ಬೆಳಚು ತಡಕುತ್ತಿದ್ದೆ.
ಹಿಂದೆ ನೀರು ಕಲಕಿತು.
ನೋಡಿದರೆ ಇವಳು! ಮಗನ ಹಳೆಯ ಚಡ್ಡಿ ತೊಟ್ಟು
ಅಂಗಾಲಿನಲ್ಲಿ ಕೆಸರು ಒತ್ತಿ ಒತ್ತಿ ನೋಡುತ್ತ.
ನಾನು ಕಲಿಸಿದ್ದಲ್ಲ.
ಅವಳ ಊರಿನಲ್ಲೂ ಹೊಳೆ ಕಡಲಿಗೆ ಸೇರುವಲ್ಲಿ
ಹೆಂಗಸರು ಹೀಗೇ ಇಳಿಯುತ್ತಾರಂತೆ.
ನನ್ನ ಬುಟ್ಟಿಗಿಂತ ಮೊದಲು ಅವಳದು ತುಂಬಿತು.
ಸಿಟ್ಟು ಬಂತು ನನಗೆ, ಸುಳ್ಳೇಕೆ.
ಅವಳು ಅಷ್ಟನ್ನೂ ನನ್ನ ಬುಟ್ಟಿಗೆ ಸುರಿದು
ಮತ್ತೆ ನೀರಿಗಿಳಿದಳು.

ಇದನ್ನು ಬರೆಯುತ್ತೀಯಾ?
"ಒಂದೇ ಮನೆಯಲ್ಲಿ ವಾಸವಾಗಿದ್ದು ಪರಸ್ಪರ ಅನ್ಯೋನ್ಯವಾಗಿರುತ್ತಾರೆ."
ಆಗಲಿ. ನಿನ್ನ ಯಂತ್ರಕ್ಕೆ ಅಷ್ಟೇ ಬರುವುದೇನೋ.

ಮೊನ್ನೆ ಚೌಕಶಿಗೆ ಬಂದ ಪೊಲೀಸು
ಹಲ್ಲುಜ್ಜುವ ಬ್ರಶ್ಶು ಎಣಿಸಿದ, ಗೋಡೆಯ ಗೂಟದ ಬಟ್ಟೆ ನೋಡಿದ,
ಪಕ್ಕದ ಮನೆಯ ಸುಲೋಚನೆಯನ್ನು ಕೇಳಿದ.
"ಅತ್ತೆ ಸೊಸೆ ದಿನಾ ಜಗಳ ಆಡ್ತಾರೆ ಸಾಹೇಬ್ರೆ,
ಒಬ್ಬರಿಗೂ ಇನ್ನೊಬ್ಬರ ಮಾತು ಅರ್ಧ ತಿಳಿಯೋದಿಲ್ಲ,
ಆದ್ರೂ ನಿಲ್ಲಿಸೋದಿಲ್ಲ."
ಸಮಾಧಾನದಿಂದ ಬರೆದುಕೊಂಡು ಹೋದ.

ಬೆರಳಚ್ಚು ಒಂದು ಬಾಕಿ.
ನಿನ್ನೆ ಎಸ್ಪಿ ಆಫೀಸಿನಲ್ಲಿ ಗಾಜಿನ ಮೇಲೆ ಹತ್ತೂ ಬೆರಳು ಒತ್ತಿದಳು,
ಒರೆಸಿ ಒತ್ತಿದಳು, ಊದಿ ಒತ್ತಿದಳು,
ಯಂತ್ರ ಒಪ್ಪಲಿಲ್ಲ.
ಚಿಪ್ಪು ಕೊಯ್ದು ಕೊಯ್ದು ಗೆರೆ ಸವೆದಿವೆ.
ನನ್ನದೂ ಅದೇ ಕತೆ, ರೇಶನ್ ಅಂಗಡಿಯಲ್ಲಿ
ಮೂರು ತಿಂಗಳಿಂದ ಹೆಬ್ಬೆಟ್ಟು ಹತ್ತುತ್ತಿಲ್ಲ.
ಹದಿನೈದು ದಿನ ಹೊಳೆಗೆ ಇಳಿಯಬೇಡಿ,
ಗಾಯ ಮಾಯ್ದ ಮೇಲೆ ಬನ್ನಿ ಅಂದರು.

ಎಲ್ಲಿ, ಸಹಿ ಎಲ್ಲಿ?
ಶಾಯಿಯ ಡಬ್ಬಿ ಎತ್ತಿಡು, ಅಕ್ಷರ ಬರುತ್ತದೆ ನನಗೆ.
ಬೇಗ ಕೊಡು, ಹನ್ನೊಂದೂವರೆಗೆ ಇಳಿತ.
ಅವಳು ಹೊರಗೆ ಬೆಂಚಿನಲ್ಲಿ ಕೂತಿದ್ದಾಳೆ,
ಎರಡೂ ಕೈಗೆ ಕೊಬ್ಬರಿಯೆಣ್ಣೆ ಹಚ್ಚಿ ಕೂರಿಸಿದ್ದೇನೆ,
ಕಾಗದ ಮುಟ್ಟಬೇಡ ಎಂದಿದ್ದೇನೆ.

ಹಾಳಾದ ರೂಢಿ, ಬುಟ್ಟಿ ಎರಡು ತಂದಿದ್ದೇನೆ.
ಒಂದನ್ನು ನಿನ್ನ ಮೇಜಿನ ಕೆಳಗೆ ಇಟ್ಟುಕೊಂಡಿರು.
ಸಂಜೆ ಒಯ್ಯುತ್ತೇನೆ.