ಕಿಮೆರಾ

ಚಿರಾಲಿಯ ಗುಡ್ಡದ ಮೇಲೆ ಕಲ್ಲು ಉರಿಯುತ್ತದೆ.
ಸೌದೆಯಿಲ್ಲ, ಎಣ್ಣೆಯಿಲ್ಲ, ಬಿರುಕಿನಿಂದ ಬಿರುಕಿಗೆ
ನೀಲಿ ನಾಲಗೆ.
ರಾತ್ರಿ ದೂರದ ದೋಣಿಗಳಿಗೂ ಕಾಣುತ್ತದಂತೆ.
ಅದರ ಮೇಲೆ ಚಹಾ ಕಾಯಿಸಿ ಮಾರುವುದು ಕಸುಬು,
ನನ್ನದು, ಅಕ್ಕ ಗುಲ್ಸೆರೆನ್‌ಳದು.

ಹೆಸರು ಕೇಳುತ್ತಾರೆ ಬಂದವರು. ಕಿಮೆರಾ, ಎನ್ನುತ್ತೇನೆ.
ಮುಂದೆ ಸಿಂಹ, ನಡುವೆ ಮೇಕೆ, ಹಿಂದೆ ಹಾವು;
ಯಾವನೋ ರೆಕ್ಕೆಯ ಕುದುರೆ ಹತ್ತಿ ಬಂದು ಕೊಂದನಂತೆ.
ಕೊಂದದ್ದು ಸುಳ್ಳಿರಬೇಕು, ಉಸಿರು ಇನ್ನೂ ಬಿಸಿ.
ಸಕ್ಕರೆ ಎಷ್ಟು?

ಚಿಕ್ಕಪ್ಪ ಎರ್ಗುನ್‌ನ ಬಲೆಗೆ ಒಮ್ಮೆ ಆಳದಿಂದ ಬಂತು
ಹಸಿರು ಕಣ್ಣು, ಇಲಿಬಾಲ, ಮೊಲದ ಮೂತಿ.
ಬಂದರಿನ ಗುಮಾಸ್ತ ಪುಸ್ತಕ ತಿರುವಿ ಬರೆದುಕೊಂಡ: ಕಿಮೆರಾ.
ಬೆಕ್ಕೂ ಮೂಸಲಿಲ್ಲ.

ಆಮೇಲೆ ಅಕ್ಕನ ರಕ್ತ ಕೆಟ್ಟಿತು.
ಅಂತಾಲ್ಯದ ಆಸ್ಪತ್ರೆಯಲ್ಲಿ ನನ್ನ ಸೊಂಟದಿಂದ ತೆಗೆದ ಮಜ್ಜೆ,
ಒಂದು ಚೀಲ, ಟೊಮೆಟೊ ಸಾರಿನ ಬಣ್ಣ,
ಅವಳ ನಾಳದೊಳಗೆ ಹನಿಹನಿ ಇಳಿಯಿತು.
ನೂರನೆಯ ದಿನ ಡಾಕ್ಟರಮ್ಮ ವರದಿ ಓದಿದರು:
"ರಕ್ತವೆಲ್ಲ ತಮ್ಮನದು. ಕೆನ್ನೆಯ ಒಳಪದರ ಇವಳದೇ.
ಇಂಥವರನ್ನು ನಾವು ಕಿಮೆರಾ ಎನ್ನುತ್ತೇವೆ."
ಅಕ್ಕ ನಕ್ಕಳು. ಬೋಳುತಲೆ, ಹುಬ್ಬಿಲ್ಲ, ನಗು ಮಾತ್ರ ಹಳೆಯದು:
"ಗುಡ್ಡ ಇಳಿದು ಬಂದರೂ ಬಿಡಲಿಲ್ಲ ನೋಡು, ಹಾಳಾದ್ದು!"

ಈಗ ಆಲಿವ್ ಹೂ ಬಿಟ್ಟಿದೆ.
ಈ ತಿಂಗಳು ಸೀನುತ್ತಿದ್ದವ ಮನೆಯಲ್ಲಿ ನಾನೊಬ್ಬನೇ.
ಕೆಟಲಿನ ಆಚೆ ಅವಳೂ ಸೀನುತ್ತಾಳೆ,
"ನಿನ್ನ ದರಿದ್ರ ನೆಗಡಿ" ಎಂದು ಬೈಯುತ್ತಾಳೆ,
ಸೆರಗಿಲ್ಲದ್ದಕ್ಕೆ ತೋಳಿಗೆ ಮೂಗೊರೆಸಿ
ಎರಡು ಗ್ಲಾಸು ತುಂಬುತ್ತಾಳೆ.

ಬಂದವರು ಕ್ಯಾಮೆರಾ ತಿರುಗಿಸುತ್ತಾರೆ
ಬೆಂಕಿಯ ಕಡೆ.