ಮಿಸ್ಕಾಲ್

ಕೊಪ್ಪದ ಬಸ್ಸು ದರೆಪೇಟೆಯ ತಿರುವಿನಲ್ಲಿ
ನನ್ನನ್ನೂ ನನ್ನ ಪೆಟ್ಟಿಗೆಯನ್ನೂ ಇಳಿಸಿ ಹೋಗುತ್ತದೆ,
ವರ್ಷಕ್ಕೊಮ್ಮೆ, ಫೆಬ್ರವರಿಯಲ್ಲಿ.
ಪೆಟ್ಟಿಗೆಯೊಳಗೆ ವೆಲ್ವೆಟ್ಟಿನ ಗುಳಿಗಳಲ್ಲಿ ಕೂತ ಹಿತ್ತಾಳೆ ಬಟ್ಟುಗಳು,
ಒಂದು ಸುತ್ತಿಗೆ, ಈ ಸಾಲಿನ ಅಂಕಿ ಕೊರೆದ ಅಚ್ಚು.
ನನ್ನ ಕಂಡದ್ದೇ ಅಂಗಡಿಯವರು ತಕ್ಕಡಿ ಒರೆಸತೊಡಗುತ್ತಾರೆ.
ತೂಕದ ಸಾಹೇಬರು ಬಂದರು.

ಊರೆಂದರೆ ನೂರಾ ಹದಿನಾಲ್ಕು ಮೆಟ್ಟಿಲು.
ಬುಡದಲ್ಲಿ ಬ್ಯಾರಿಗಳ ಬೀದಿ, ತುದಿಯಲ್ಲಿ ಇಗರ್ಜಿ,
ನಡುವೆ, ಎಲ್ಲರೂ ಉಸಿರಿಗಾಗಿ ನಿಲ್ಲುವಲ್ಲಿ,
ಒಂದೇ ಗೋಡೆಗೆ ಬೆನ್ನು ಕೊಟ್ಟ ಎರಡು ಅಂಗಡಿ:
ಪೊಡಿಯಬ್ಬನ ಮಾಂಸದ್ದು, ಸೆವ್ರಿನ್ ಬಾಯಿಯ ಬೇಕರಿ.

ಮೊದಲ ಸಲ ಹೋದಾಗ ಬೇಕರಿಯಲ್ಲಿ ತಕ್ಕಡಿಯೇ ಇರಲಿಲ್ಲ.
"ಉಂಟಲ್ಲ ಸರ್" ಎಂದು ಗೋಡೆಯ ಕಿಂಡಿಗೆ ಕೈ ಹಾಕಿದಳು.
ಆ ಕಡೆಯಿಂದ ಕೋಲು ಬಂತು, ಕೊಕ್ಕೆ ಬಂತು.
ತಟ್ಟೆ ಮಾತ್ರ ಅವರವರದು.
ನಿಯಮ ಹೇಳಿದೆ: ಒಂದು ಪರವಾನಗಿಗೆ ಒಂದು ತಕ್ಕಡಿ.
ಇಬ್ಬರೂ ತಲೆಯಾಡಿಸಿದರು. ಚಾ ತರಿಸಿದರು.
ರಸೀದಿ ಪುಸ್ತಕ ಮುಚ್ಚಿದೆ.
ಮೂರು ವರ್ಷ ಹೀಗೇ ಮುಚ್ಚಿದೆ.

ಅವನು ದಮ್ಮಾಮಿನ ಕೋಲ್ಡ್ ಸ್ಟೋರೇಜಿನಲ್ಲಿ ಹದಿನೇಳು ವರ್ಷ ನಡುಗಿದವನು.
ಅವಳು ಇಸ್ರೇಲಿನಲ್ಲಿ ಒಬ್ಬ ಮುದುಕಿಯ ಮೈ ಒರೆಸಿ, ಮಾತ್ರೆ ಎಣಿಸಿ, ಹನ್ನೊಂದು.
"ಅದೂ ಹೀಗೇ ಗುಡ್ಡದ ಪೇಟೆ ಸರ್.
ಕೆಳಗೆ ಅರಬರು, ಮೇಲೆ ಯಹೂದ್ಯರು, ನಡುವೆ ಒಂದು ಔಷಧಿ ಅಂಗಡಿ.
ಮಂಡಿನೋವು ಮಾತ್ರ ಇಬ್ಬರಿಗೂ ಒಂದೇ."

ಚಾ ಆರುವತನಕ ಕಿಂಡಿಯಲ್ಲಿ ಪದ ಆಡುತ್ತಿದ್ದರು,
ಮಕ್ಕಳು ಗೋಲಿ ಆಡಿದ ಹಾಗೆ.
ಮನೆಗೆ ಅವಳು ಬಾಯಿತ್ ಅಂದರೆ ಅವನು ಬೈತ್.
ಸೂರ್ಯನಿಗೆ ಶೆಮೆಶ್, ಶಮ್ಸ್.
ಲೆಹೆಮ್ ಎಂದು ಅವಳು ಜಡೆ ಹೆಣೆದ ರೊಟ್ಟಿ ಎತ್ತಿದರೆ
ಲಹಮ್ ಎಂದು ಅವನು ನೇತುಹಾಕಿದ ತೊಡೆಗೆ ಕೈ ತೋರುವನು.
ಇಷ್ಟು ದಿನ ಇಬ್ಬರೂ ಒಂದೇ ಪದವನ್ನು ತೂಗಿ ಮಾರಿದ್ದಂತೆ.
ಆ ನಗುವಿಗೆ ಮೆಟ್ಟಿಲ ಮೇಲಿನ ನಾಯಿ ಎದ್ದು ಜಾಗ ಬದಲಿಸಿತು.

ಆಮೇಲೆ ಆ ಅಕ್ಟೋಬರ್.
ಯುದ್ಧ ದರೆಪೇಟೆಗೆ ಬರಲಿಲ್ಲ;
ಸಲೂನಿನ ಟೀವಿಗೆ ಬಂತು, ಎಲ್ಲರ ಮೊಬೈಲಿಗೆ ಬಂತು.
ಅವಳು ಮುದುಕಿಯ ಮಗಳಿಗೆ ಫೋನು ಹಚ್ಚಿ
ಆ ಭಾಷೆಯಲ್ಲೇ ಗಟ್ಟಿಯಾಗಿ ಅತ್ತಳಂತೆ.
ಅವನ ಮಗ ಸತ್ತ ಮಕ್ಕಳ ಚಿತ್ರ ಷಟರಿಗೆ ಅಂಟಿಸಿದನಂತೆ.
ಯಾರು ಯಾರಿಗೆ ಏನೆಂದರೋ,
ಮೂರು ಜನ ನನಗೆ ಮೂರು ಥರ ಹೇಳಿದರು.

ಆ ಫೆಬ್ರವರಿ ಹೋದಾಗ ಕಿಂಡಿಗೆ ರಟ್ಟು ಬಡಿದಿತ್ತು.
ಯಾವ ಕಡೆಯಿಂದ ಮೊಳೆ ಎಂದು ನೋಡಿದೆ.
ಎರಡೂ ಕಡೆಯಿಂದ.
ಎರಡು ಅಂಗಡಿ, ಎರಡು ಹೊಸ ತಕ್ಕಡಿ, ಎರಡು ಶುಲ್ಕ.
ಕಾನೂನಿನ ಪ್ರಕಾರ ಎಲ್ಲ ಸರಿಯಿದ್ದ ಮೊದಲ ವರ್ಷ ಅದು.
ಚಾ ಬರಲಿಲ್ಲ.

ಈ ಸಲ ಬೇಕರಿಯಲ್ಲಿ ಬಟ್ಟು ಇಡುತ್ತ ಕೇಳಿದೆ,
ಸುಮ್ಮನೆ, ಕೇಳಬಾರದಿತ್ತೋ ಏನೋ:
ತೂಕಕ್ಕೆ ಅಲ್ಲಿ ಏನಂತಾರೆ?
ಮುಳ್ಳಿನಿಂದ ಕಣ್ಣು ತೆಗೆಯದೆ ಅಂದಳು, "ಮಿಶ್ಕಾಲ್."
ಮಿಸ್ ಕಾಲಾ? ಅಂದೆ. ನಗಲಿಲ್ಲ.

ರಟ್ಟಿನಾಚೆ ಕತ್ತಿ ಮಸೆಯುವ ಸದ್ದು ನಿಂತಿತು.
"ಮಿಸ್ಕಾಲ್" ಎಂದಿತು ರಟ್ಟು.
"ಮದ್ರಸದಲ್ಲಿ ಉಸ್ತಾದರು ಹೊಡೆದು ಕಲಿಸಿದ್ದು. ಶ ಅಲ್ಲ. ಸ."
"ಶ" ಅಂದಳು ಅವಳು, ರಟ್ಟಿಗೆ.
"ಸ."
ಮತ್ತೆ ಮಸೆಯುವ ಸದ್ದು.

ಅಷ್ಟೇ. ರಟ್ಟು ಅಲ್ಲೇ ಇದೆ.
ಅವಳ ತಕ್ಕಡಿ ಎರಡು ಗ್ರಾಂ ತಪ್ಪುತ್ತಿತ್ತು, ಗಿರಾಕಿಯ ಪಾಲಿಗೆ ಲಾಭವಾಗಿ.
ಸರಿಪಡಿಸುವುದು ನನ್ನ ಕೆಲಸ. ಪಡಿಸಿದೆ.

ಕೊನೆಯ ಬಸ್ಸು ಹತ್ತಿ ಪೆಟ್ಟಿಗೆ ತೆರೆದರೆ
ಐವತ್ತು ಗ್ರಾಮಿನ ಗುಳಿ ಖಾಲಿ.
ಯಾರ ಕಟ್ಟೆಯ ಮೇಲೆ ಬಿಟ್ಟೆನೋ, ರೊಟ್ಟಿಯ ಪಕ್ಕವೋ, ಮೂಳೆಯ ಪಕ್ಕವೋ.
ಇಬ್ಬರಿಗೂ ಒಂದೊಂದು ಮಿಸ್ ಕಾಲ್ ಕೊಟ್ಟೆ.
ಬಸ್ಸು ತಿರುವು ದಾಟಿತು.
ಇನ್ನು ಕೊಪ್ಪ ಬರುವತನಕ ಸಿಗ್ನಲ್ ಇಲ್ಲ.