ಕೆರೆ ಏರಿಯ ಜಿಲೇಬಿ

ಟ್ರಂಕು ಇಳಿಸುತ್ತ ಆಟೊದ ಚಾಂದ್‌ಪಾಷ ಹೇಳಿದ:
"ಮೇಡಂ, ನಿಮ್ಮದು ಬೀಚ್ ಸೈಡ್ ಮನೆ."
ಗಂಗೊಳ್ಳಿಯವಳು ನಾನು. ನಗಲಿಲ್ಲ.
ಕಿಟಕಿ ತೆರೆದರೆ ಕೋಲಾರದ ಕೆರೆ ಮಲಗಿತ್ತು,
ಅಲೆ ಎಂಬುದೊಂದಿದೆಯೆಂದು ಯಾರೂ ಹೇಳಿಕೊಡದ ಹಾಗೆ.
ಒಂದು ಬೆಳ್ಳಕ್ಕಿ, ಎರಡು ಎಮ್ಮೆ,
ದಡದಲ್ಲಿ ಯಾರದೋ ಎಡಗಾಲಿನ ಚಪ್ಪಲಿ.
ಆಚೆ ಬಂಡೆಯ ಬೆಟ್ಟ,
ನೀರಿಳಿದ ಮೇಲೆ ಎದ್ದು ಕಾಣುವ ಪಾರೆಯಂತೆ,
ನೀರು ಮತ್ತೆ ಬರುವುದೆಂದು ಕಾಯುತ್ತ.

ಡೈರಿಯಲ್ಲಿ ನನ್ನ ಕೆಲಸ ಹಾಲಿನ ಜಿಡ್ಡು ಅಳೆಯುವುದು.
ನಾಲಿಗೆ ನಂಬಬೇಡ, ಮೀಟರು ನಂಬು
ಎಂದು ಕಲಿಸಿದ್ದರು.
ಹಾಗಾಗಿ ನಾಲಿಗೆಗೆ ಹಗಲು ರಜೆ, ಸಂಜೆ ಹಸಿವು.
ಮೊದಲ ವಾರ ಊರಿನ ಕುಚ್ಚಲಕ್ಕಿ ಗಂಜಿ, ಮಿಡಿ ಉಪ್ಪಿನಕಾಯಿ.
ಎರಡನೆಯ ವಾರ ಬರಿ ಗಂಜಿ.
ಆಮೇಲೆ ಚಪ್ಪಲಿ ಮೆಟ್ಟಿ ಏರಿಯ ಮೇಲೆ ಹೊರಟೆ.

ಹೊಂಗೆ ಮರದಡಿ ಚೌಡಪ್ಪನ ಟೀ.
ಒಂದೇ ಗುಟುಕಿಗೆ ಗೊತ್ತಾಯಿತು, ಹಾಲಲ್ಲಿ ಕೆರೆಯ ಪಾಲೆಷ್ಟು.
ಬಾಯಿ ಬಿಡಲಿಲ್ಲ; ಕೊರಳ ಗುರುತಿನ ಚೀಟಿ ಬಿಟ್ಟಿತು.
ಮಾರನೆಯ ದಿನ ನನ್ನ ಲೋಟಕ್ಕೆ ಬೇರೆ ಪಾತ್ರೆ.
ಅಧಿಕಾರದ ರುಚಿ ಅಷ್ಟೇನೂ ಚೆನ್ನಾಗಿರಲಿಲ್ಲ,
ಕೆನೆ ಇತ್ತು, ಅಷ್ಟೆ.

ಅದರ ಪಕ್ಕ ಶೀಟಿನ ಮನೆ, ಗೋವಿಂದಕ್ಕನ ಕಾವಲಿ.
ಏಳಕ್ಕೆ ಹೋದರೆ ಖಾಲಿ ದೋಸೆ,
ಏಳೂವರೆಗೆ ದೋಸೆ ಖಾಲಿ.

ಮುನಿವೆಂಕಟಮ್ಮನ ಮೆಸ್ಸಿನಲ್ಲಿ ಮೊದಲ ಮುದ್ದೆ.
ಮುರಿದೆ, ಬಾಯಿಗಿಟ್ಟೆ, ಅಗಿದೆ,
ಅಗಿದೆ, ಇನ್ನೂ ಅಗಿದೆ.
ಟೊಮೇಟೊ ಮಂಡಿಯ ಹಮಾಲರು ತಟ್ಟೆ ಬಿಟ್ಟು ನನ್ನನ್ನೇ ನೋಡಿದರು.
"ಅಗಿಬ್ಯಾಡ ಕಣಮ್ಮಾ, ನುಂಗು. ಅದುಕ್ಕೇನು ಹಲ್ಲೈತಾ,
ನಿಂಗೆ ತಿರುಗಿ ಕಚ್ಚಕೆ?"
ಬಸ್ಸಾರಿನಲ್ಲಿ ಅದ್ದಿದೆ, ಕಣ್ಣು ಮುಚ್ಚಿದೆ.
ಏನೋ ಒಂದು ಇಳಿದು ಹೋಯಿತು, ದೋಣಿಯ ಲಂಗರಿನಷ್ಟು ಸಾವಕಾಶ.

ಒಂದು ಸಂಜೆ ಸಿಹಿಯ ಆಸೆ.
ಏರಿಯ ತುದಿಯಲ್ಲಿ ಬಲ್ಬು, ಬೋರ್ಡು:
ಬಿಸಿ ಬಿಸಿ ಜಿಲೇಬಿ ಸಿಗುತ್ತದೆ.
"ಕಾಲು ಕೆಜಿ ಕೊಡಿ, ಪಾಕ ಜಾಸ್ತಿ ಇರಲಿ."
ರೆಡ್ಡೆಪ್ಪ ನನ್ನ ಮುಖ ನೋಡಿದ, ಕಡಾಯಿ ನೋಡಿದ,
ಜಾಲರಿಯಲ್ಲಿ ಎತ್ತಿ ತೋರಿಸಿದ್ದು
ಬಾಲ, ರೆಕ್ಕೆ, ಬೆಂದ ಬಿಳಿ ಕಣ್ಣು.
ಇಲ್ಲಿ ಆ ಮೀನಿಗೇ ಜಿಲೇಬಿ ಎಂದು ಹೆಸರು.
ಯಾರಿಟ್ಟರೋ, ಅವರಿಗೂ ನನ್ನಂತೆ ಆಸೆಯಾಗಿತ್ತೋ.

ಉಪ್ಪು ಕಾಣದ ಮೀನು ಮೀನಲ್ಲ
ಅನ್ನುತ್ತಿದ್ದಳು ನಮ್ಮ ದೊಡ್ಡಮ್ಮ, ಬಂಗುಡೆಯ ಕಿವಿರೆತ್ತಿ ನೋಡುತ್ತ.
ನೀಲಗಿರಿ ಸೌದೆಯ ಹೊಗೆ, ಗಂಟಲು ಸುಡುವ ಖಾರ,
ಅಂಚಿನಲ್ಲಿ ಕೆಸರು.
ಹೌದು, ಕೆಸರಿತ್ತು.
ಇನ್ನೊಂದು ಕೊಡಿ ಎಂದೆ.

ಗುರುವಾರದ ಮಧ್ಯಾಹ್ನ
ಏರಿಯ ಮೇಲೆ ನಡೆಯುತ್ತಿದ್ದವಳ ಕಾಲು ನಿಂತಿತು.
ಒಣಮೀನು. ಕಾವಲಿಯ ಮೇಲೆ ಬೀಳುತ್ತಲೇ ಇಡೀ ಕೇರಿಗೆ ಕೂಗಿ ಹೇಳುವ ವಾಸನೆ.
ಧಕ್ಕೆಯ ಬಿಸಿಲು, ಚಾಪೆ, ಕಾಗೆ ಅಟ್ಟಲು ಕೂತ ನಾನು, ಎಂಟು ವರ್ಷ,
ಕೈಯಲ್ಲಿ ಮಡಲಿನ ಕಡ್ಡಿ.
ಓಡಿಯೇ ಹೋದೆ ಮೆಸ್ಸಿಗೆ.
"ಮುನಿವೆಂಕಟಮ್ಮ, ಇದು ನಮ್ಮೂರಿಂದ ಬಂದದ್ದಾ?"
ಅವಳು ಬದನೆಕಾಯಿ ಹೆಚ್ಚುತ್ತಿದ್ದಳು. ಚೀಲ ತಂದು ಕೊಡವಿದಳು.
ಗುಂಡಗುಂಡಗೆ ತೆಲುಗು ಅಕ್ಷರ.
ಲೋಟ ತೊಳೆಯುವ ಹುಡುಗ ಓದಿ ಹೇಳಿದ: ನೆಲ್ಲೂರು.

"ಅದೂ ಸಮುದ್ರಾನೇ ಅಲ್ವೇನಮ್ಮಾ?"

ಹೌದು. ಹೊತ್ತು ಹುಟ್ಟುವ ಕಡೆಯದು.
ನನ್ನದು ಹೊತ್ತು ಮುಳುಗುವ ಕಡೆಯದು.
ಎರಡಕ್ಕೂ ಇಲ್ಲಿಂದ ರಾತ್ರಿ ಬಸ್ಸು.
ಅವಳು ಎಲೆ ಹಾಕಿದಳು. ಕೂತೆ.
ನೆಲ್ಲೂರಿನ ಮೀನು, ಕೋಲಾರದ ಬದನೆ, ಹುಣಸೆ ಕಿವುಚಿದ ಕೈ ಅವಳದು.
ಅವಸರದಲ್ಲಿ ಸಣ್ಣ ಮುಳ್ಳೊಂದು ಗಂಟಲಿಗೆ ಸಿಕ್ಕಿತು,
ಮೀನಿನ ಊರಿನವಳಿಗೆ! ನಾಚಿಕೆಯಿಂದ ಕೆಮ್ಮಲೂ ಇಲ್ಲ.
ಅವಳಿಗೆ ಹೇಗೋ ಗೊತ್ತಾಗಿ
ಬಿಸಿ ಮುದ್ದೆಯ ದೊಡ್ಡ ತುತ್ತೊಂದು ಮುರಿದು ತಂದಳು:
"ನುಂಗು."

ನುಂಗಿದೆ. ಹೋಯಿತು.
ಲೆಕ್ಕ ಮಾಡುವಾಗ ಆ ಮುದ್ದೆಗೆ ದುಡ್ಡು ಹಿಡಿಯಲಿಲ್ಲ.
ಔಷಧಿಗೆ ಕಾಸು ತಗೊಳ್ಳಲ್ಲವಂತೆ ಅವಳು.